ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳುವ ಮುನ್ನ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಯಾವ ಕಂಪನಿಯದು ಒಳ್ಳೆಯದು ಎಂಬುದು. ನಾನು ಅದಕ್ಕೆ ಉತ್ತರಿಸುವ ಮೊದಲು, ಅದರಲ್ಲಿ ಏನನ್ನು ಇಡಲಿದ್ದೀರಿ ಮತ್ತು ಅದೇ ಕಡತಗಳ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ಕೇಳುತ್ತೇನೆ. ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಇಂದು ಉಳಿದಿರುವುದೇ ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ. ಪೆಟ್ಟಿಗೆಯ ಮೇಲೆ ಬೇರೆ ಹೆಸರಿದ್ದರೂ ಒಳಗೆ ತಿರುಗುವ ಡಿಸ್ಕ್ ಈ ಮೂವರಲ್ಲಿ ಒಬ್ಬರದೇ ಆಗಿರುತ್ತದೆ, ಮತ್ತು ಎಂದೂ ಕೆಡದ ಡಿಸ್ಕನ್ನು ಮೂವರೂ ಮಾಡುವುದಿಲ್ಲ. ಆದ್ದರಿಂದ ಆಯ್ಕೆಯ ಬಹುಪಾಲು ನಿರ್ಧಾರವಾಗುವುದು ಡಿಸ್ಕಿಗೆ ನಾವು ವಹಿಸುವ ಕೆಲಸದಿಂದ.

ತಿರುಗುವ ಡಿಸ್ಕೋ, ಮೆಮೊರಿ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. 2.5 ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕಿನೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗಳೂ, ಅವುಗಳ ಮೇಲೆ ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ತೇಲುವ ಓದು-ಬರಹದ ಹೆಡ್‌ಗಳೂ ಇರುತ್ತವೆ. ಓಡುತ್ತಿರುವಾಗ ಅದು ಮೇಜಿನಿಂದ ಕೆಳಗೆ ಬಿದ್ದರೆ ಹೆಡ್ ತಟ್ಟೆಗೆ ತಾಗಿ ಮಾಹಿತಿ ಶಾಶ್ವತವಾಗಿ ನಾಶವಾಗಬಹುದು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲ, ವೇಗವೂ ಹಲವು ಪಟ್ಟು ಹೆಚ್ಚು. ಪ್ರತಿದಿನ ಚೀಲದಲ್ಲಿ ಹೊತ್ತು ತಿರುಗುವವರಿಗೂ, ವಿಡಿಯೋ ಸಂಕಲನವನ್ನು ನೇರವಾಗಿ ಡಿಸ್ಕಿನಿಂದಲೇ ಮಾಡುವವರಿಗೂ ನಾನು ಎಸ್‌ಎಸ್‌ಡಿಯನ್ನೇ ಹೇಳುತ್ತೇನೆ. ಆದರೆ ಫೋಟೋಗಳನ್ನು ತುಂಬಿಸಿ ವರ್ಷಗಟ್ಟಲೆ ಕಪಾಟಿನಲ್ಲಿ ಇಡುವುದಕ್ಕೆ ಅದು ಸೂಕ್ತವಲ್ಲ. ವಿದ್ಯುತ್ ಸಂಪರ್ಕವಿಲ್ಲದೆ ದೀರ್ಘಕಾಲ ಬಿಟ್ಟರೆ ಅದರ ಕೋಶಗಳಲ್ಲಿರುವ ವಿದ್ಯುದಂಶ ನಿಧಾನವಾಗಿ ಸೋರುತ್ತದೆ. ಇದಲ್ಲದೆ ಅದೇ ಹಣಕ್ಕೆ ಹಾರ್ಡ್ ಡಿಸ್ಕಿನಲ್ಲಿ ಹೆಚ್ಚು ಜಾಗ ಸಿಗುವುದರಿಂದ, ಸಂಗ್ರಹಕ್ಕೆ ಅದು ಇಂದಿಗೂ ಸರಿಯಾದ ವಸ್ತುವೇ.

ಪೆಟ್ಟಿಗೆಯ ಮೇಲೆ ಹೆಚ್ಚಾಗಿ ಕಾಣಸಿಗದ ಒಂದು ಮುಖ್ಯ ಸಂಗತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೆಚ್ಚಿನ ಪೋರ್ಟಬಲ್ ಡಿಸ್ಕ್‌ಗಳು, ಅದರಲ್ಲೂ ಹೆಚ್ಚು ಸಾಮರ್ಥ್ಯದವು, ಎಸ್‌ಎಂಆರ್ ಎಂಬ ವಿಧಾನದಲ್ಲಿ ಬರೆಯುತ್ತವೆ. ಮಾಡಿನ ಮೇಲೆ ಹೆಂಚುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸುವ ಹಾಗೆ, ಮಾಹಿತಿಯ ಸಾಲುಗಳನ್ನು ಭಾಗಶಃ ಒಂದರ ಮೇಲೊಂದು ಬರೆಯುವುದರಿಂದ ಅದೇ ತಟ್ಟೆಯಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ. ಆದರೆ ನಡುವಿನ ಒಂದು ಸಾಲನ್ನು ಬದಲಿಸಬೇಕಾದರೆ ಅದರ ಮೇಲೆ ಕೂತಿರುವ ಮುಂದಿನ ಸಾಲುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಈ ಕೆಲಸವನ್ನು ಮುಂದೂಡಲು ಡಿಸ್ಕ್ ಹೊಸ ಮಾಹಿತಿಯನ್ನು ಮೊದಲು ಒಂದು ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಆ ಜಾಗ ತುಂಬಿದಾಗ, ಅಲ್ಲಿಯವರೆಗೆ ಸರಾಗವಾಗಿ ನಡೆಯುತ್ತಿದ್ದ ನಕಲು ಒಮ್ಮೆಲೇ ತೆವಳತೊಡಗುತ್ತದೆ. 2020ರಲ್ಲಿ ಮೂರೂ ಕಂಪನಿಗಳು ತಮ್ಮ ಕೆಲವು ಡಿಸ್ಕ್‌ಗಳಲ್ಲಿ ಈ ವಿಧಾನವಿರುವುದನ್ನು ವಿವರಪಟ್ಟಿಯಲ್ಲಿ ತಿಳಿಸಿರಲಿಲ್ಲವೆಂಬುದು ಬೆಳಕಿಗೆ ಬಂದು ಬಳಕೆದಾರರು ಆಕ್ಷೇಪಿಸಿದ್ದರು, ಮತ್ತು ಆ ಆಕ್ಷೇಪ ನ್ಯಾಯವಾದುದೇ ಆಗಿತ್ತು. ಒಮ್ಮೆ ಬರೆದು ಮತ್ತೆ ಮತ್ತೆ ಓದುವ ಸಂಗ್ರಹಕ್ಕೆ ಎಸ್‌ಎಂಆರ್ ಡಿಸ್ಕ್ ಸಾಕು. ಪದೇ ಪದೇ ಅಳಿಸಿ ಬರೆಯುವ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳಬಾರದು.

ಸಾಮರ್ಥ್ಯದ ವಿಷಯದಲ್ಲಿ, 1 ಟಿಬಿ ಎಂದರೆ ತಯಾರಕರ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುವುದರಿಂದ ಅದು ಸುಮಾರು 931 ಜಿಬಿ ಎಂದು ಕಾಣುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಈಗಿರುವ ಮಾಹಿತಿಯ ಎರಡರಷ್ಟು ಜಾಗ ಇರುವುದನ್ನು ಕೊಳ್ಳುವುದು ಒಳ್ಳೆಯದು. ಆದರೆ 4 ಟಿಬಿಯ ಒಂದು ಡಿಸ್ಕಿಗೆ ಆಗುವಷ್ಟು ಹಣ ಕೈಯಲ್ಲಿದ್ದು ಮಾಹಿತಿ 2 ಟಿಬಿಯೊಳಗೆ ಮುಗಿಯುವುದಾದರೆ, ಸ್ವಲ್ಪ ಹೆಚ್ಚು ಖರ್ಚಾದರೂ 2 ಟಿಬಿಯ ಎರಡನ್ನು ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಎರಡರಲ್ಲೂ ಒಂದೇ ಮಾಹಿತಿ ಇರಲಿ, ಒಂದನ್ನು ಬೇರೆ ಕಟ್ಟಡದಲ್ಲಿ ಇಡಿ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಕಡತಗಳನ್ನು ಡಿಸ್ಕಿಗೆ ಸಾಗಿಸಿ ಮೂಲವನ್ನು ಅಳಿಸಿದರೆ ಅದು ಬ್ಯಾಕಪ್ ಅಲ್ಲ. ಇರುವ ಒಂದೇ ಪ್ರತಿ ಜಾಗ ಬದಲಿಸಿದೆ, ಅಷ್ಟೆ.

ಸಂಪರ್ಕದ ಬಗ್ಗೆ ಅತಿಯಾಗಿ ಯೋಚಿಸಬೇಕಿಲ್ಲ. ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಎಂಬ ಮೂರು ಹೆಸರುಗಳೂ ಸೂಚಿಸುವುದು ಸೆಕೆಂಡಿಗೆ 5 ಗಿಗಾಬಿಟ್‌ನ ಅದೇ ವೇಗವನ್ನು, ಮತ್ತು ತಿರುಗುವ ಡಿಸ್ಕಿಗೆ ಅದು ಬೇಕಾದಷ್ಟಾಯಿತು. ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಮಾತ್ರ, ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯಬಹುದಾದ 500 ಜಿಬಿಯ ನಕಲಿಗೆ ನಾಲ್ಕು ಗಂಟೆಯೇ ಬೇಕಾದೀತು. ಫಾರ್ಮ್ಯಾಟಿನತ್ತ, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮದತ್ತ, ಗಮನ ಕೊಡಬೇಕು: ವಿಂಡೋಸಿಗೆ ಹೊಂದುವ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು ಬೇರೆ ತಂತ್ರಾಂಶವಿಲ್ಲದೆ ಅದಕ್ಕೆ ಬರೆಯುವುದಿಲ್ಲ. ಎರಡರಲ್ಲೂ ಬಳಸಬೇಕಾದರೆ ಎಕ್ಸ್‌ಫ್ಯಾಟ್ ಆಯ್ದುಕೊಳ್ಳಬಹುದು, ಆದರೆ ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಅದು ಕೆಡುವ ಸಂಭವ ಹೆಚ್ಚು. ಹಾಗಾಗಿ ಪ್ರತಿ ಬಾರಿಯೂ ಇಜೆಕ್ಟ್ ಮಾಡಿಯೇ ತೆಗೆಯಬೇಕು.

ಕೊಳ್ಳುವಾಗ ಎಚ್ಚರ ಬೇಕಾಗುವುದು ನಕಲಿ ಮಾಲಿನ ವಿಷಯದಲ್ಲಿ. ಅಂಗೈಯಗಲದ 16 ಟಿಬಿ ಎಸ್‌ಎಸ್‌ಡಿ ಎಂದು ಅತ್ಯಂತ ಅಗ್ಗಕ್ಕೆ ಮಾರುವ ವಸ್ತುಗಳನ್ನು ಬಿಚ್ಚಿ ನೋಡಿದವರಿಗೆ ಅವುಗಳಲ್ಲಿ ಸಣ್ಣ ಮೆಮೊರಿ ಕಾರ್ಡುಗಳು ಸಿಕ್ಕಿವೆ. ಅವು ಕಂಪ್ಯೂಟರಿಗೆ ಸುಳ್ಳು ಸಾಮರ್ಥ್ಯವನ್ನು ತೋರಿಸಿ, ನಿಜವಾದ ಜಾಗ ಮುಗಿದ ಮೇಲೆ ದೋಷವನ್ನೂ ತೋರಿಸದೆ ಮುಂದಿನ ಕಡತಗಳನ್ನು ಹಾಳುಮಾಡುತ್ತವೆ. ವಾರಂಟಿಯನ್ನೂ ಸರಿಯಾಗಿ ಅರ್ಥಮಾಡಿಕೊಳ್ಳಬೇಕು: ಡಿಸ್ಕ್ ಕೆಟ್ಟರೆ ಕಂಪನಿ ಬದಲಿ ಡಿಸ್ಕ್ ಕೊಡುತ್ತದೆ, ಒಳಗಿದ್ದ ಮಾಹಿತಿಗೆ ಅದು ಹೊಣೆಯಲ್ಲ.

ಡಿಸ್ಕ್ ಮನೆಗೆ ಬಂದ ಕೂಡಲೇ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಅದನ್ನು ಪರೀಕ್ಷಿಸಿಬಿಡಬೇಕು. ತಿರುಗುವ ಡಿಸ್ಕಾದರೆ ಕ್ವಿಕ್ ಫಾರ್ಮ್ಯಾಟ್ ಬಿಟ್ಟು, ಇಡೀ ಡಿಸ್ಕನ್ನು ತಪಾಸಣೆ ಮಾಡುವ ಪೂರ್ಣ ಫಾರ್ಮ್ಯಾಟ್ ಮಾಡಿ, ರಾತ್ರಿಯಿಡೀ ಹಿಡಿದರೂ ಹಿಡಿಯಲಿ. ಸಾಮರ್ಥ್ಯದ ಬಗ್ಗೆ ಸಂಶಯವಿದ್ದರೆ, ಇಡೀ ಜಾಗವನ್ನು ತುಂಬಿ ಮರಳಿ ಓದಿ ತಾಳೆ ನೋಡುವ ಎಚ್‌2ಟೆಸ್ಟ್‌ಡಬ್ಲ್ಯೂ ತಂತ್ರಾಂಶವಿದೆ. ಬಳಿಕ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ದಾಖಲಿಸಿಡುವ ಸ್ಮಾರ್ಟ್ ಮಾಹಿತಿಯನ್ನು ತೆರೆದು, ಹೊಸದೆಂದು ಕೊಂಡದ್ದಕ್ಕೆ ಆಗಲೇ ನೂರಾರು ಗಂಟೆ ಓಡಿದ ದಾಖಲೆ ಇದೆಯೇ, ಕೆಟ್ಟ ಸೆಕ್ಟರ್‌ಗಳ (ಮಾಹಿತಿ ಬರೆಯುವ ಸಣ್ಣ ಭಾಗಗಳ) ಎಣಿಕೆ ಸೊನ್ನೆಯಲ್ಲಿದೆಯೇ ಎಂಬುದನ್ನು ನೋಡಿ. ಸೊನ್ನೆ ಇಲ್ಲದಿದ್ದರೆ ಅಥವಾ ಒಳಗಿನಿಂದ ಟಿಕ್ ಟಿಕ್ ಸದ್ದು ಪದೇ ಪದೇ ಬರುತ್ತಿದ್ದರೆ, ಒಂದು ಕಡತವನ್ನೂ ಹಾಕದೆ ಅಂದೇ ಹಿಂದಿರುಗಿಸಿ.