ಹಡ್ಸನ್ ದಾಟಿ ವೀಹಾಕನ್‌ಗೆ

ಮ್ಯಾನ್‌ಹಾಟನ್‌ನಲ್ಲಿ ಬಸ್ ಹತ್ತಿ ಲಿಂಕನ್ ಸುರಂಗ ದಾಟಿದರೆ ನ್ಯೂಜೆರ್ಸಿಯ ವೀಹಾಕನ್. ಹಡ್ಸನ್ ನದಿಯ ಪಕ್ಕ ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ರಸ್ತೆ. ಬಂದವರೆಲ್ಲ ಎದುರು ದಡದ ಕಟ್ಟಡಗಳ ಫೋಟೋ ತೆಗೆಯುತ್ತಿದ್ದರು. ನಾನು ಹೋಗಿದ್ದು ಹತ್ತು ಡಾಲರ್ ನೋಟಿನ ಮೇಲಿರುವ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಗುಂಡೇಟು ತಿಂದ ಜಾಗ ನೋಡೋಕೆ.

ಹ್ಯಾಮಿಲ್ಟನ್ ಅಮೆರಿಕದ ಮೊದಲ ಹಣಕಾಸು ಮಂತ್ರಿ, ವೃತ್ತಿಯಲ್ಲಿ ಲಾಯರ್. ಗುಂಡು ಹೊಡೆದ ಆರನ್ ಬರ್ ಕೂಡ ಲಾಯರ್. 1800ರಲ್ಲಿ ಕೊಲೆ ಆರೋಪ ಹೊತ್ತಿದ್ದ ಲೀವೈ ವೀಕ್ಸ್ ಎಂಬ ಬಡಗಿಯ ಪರವಾಗಿ ಇಬ್ಬರೂ ಒಟ್ಟಿಗೆ ನಿಂತು ಗೆದ್ದಿದ್ದರು. 1804ರ ಹೊತ್ತಿಗೆ ಬರ್ ದೇಶದ ಉಪಾಧ್ಯಕ್ಷ. ಆ ವರ್ಷ ನ್ಯೂಯಾರ್ಕ್ ಗವರ್ನರ್ ಚುನಾವಣೆಯಲ್ಲಿ ಸೋತ. ಹ್ಯಾಮಿಲ್ಟನ್ ತನ್ನ ಬಗ್ಗೆ ಕೀಳಾಗಿ ಮಾತಾಡಿದ್ದು ಆಲ್ಬನಿಯ ಪತ್ರಿಕೆಯಲ್ಲಿ ಬಂದಿತ್ತು. ಬರ್ ವಿವರಣೆ ಕೇಳಿದ. ಯಾವ ಮಾತು ಅಂತ ಮೊದಲು ಸರಿಯಾಗಿ ಹೇಳಿ ಎಂಬ ಧಾಟಿಯಲ್ಲಿ ಉತ್ತರ ಹೋಯಿತು. ಪಕ್ಕಾ ವಕೀಲರ ಜವಾಬು.

ಕೊನೆಗೆ ಬರ್ ದ್ವಂದ್ವಕ್ಕೆ ಕರೆದ, ಅಂದರೆ ಮಾನಕ್ಕಾಗಿ ಇಬ್ಬರೂ ಎದುರುಬದುರು ನಿಂತು ಪಿಸ್ತೂಲು ಹಾರಿಸುವುದು. ಹೀಗೆ ಕಾದಾಡುವುದು ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ರಾಜ್ಯಗಳಲ್ಲಿ ಅಪರಾಧವೇ. ಆದರೆ ನದಿಯ ಈ ದಡದಲ್ಲಿ ಬಿಗಿ ಕಡಿಮೆ. ಜುಲೈ 11ರ ಬೆಳಗ್ಗೆ ಬೇರೆ ಬೇರೆ ದೋಣಿಗಳಲ್ಲಿ ಬಂದರು. ಅಂಬಿಗರೂ ಡಾಕ್ಟರ್ ಡೇವಿಡ್ ಹೊಸಾಕ್ ಕೂಡ ಕಾಣದಂತೆ ಆಚೆಯೇ ಉಳಿದರು. ನಾಳೆ ಕೋರ್ಟಿಗೆ ಕರೆದರೆ ‘ನಾನು ಕಣ್ಣಾರೆ ಕಂಡಿಲ್ಲ ಸ್ವಾಮಿ’ ಅನ್ನಬಹುದಲ್ವಾ! ಹತ್ತು ಹೆಜ್ಜೆ ಅಂತರ, ಒಬ್ಬೊಬ್ಬರದು ಒಂದೊಂದು ಗುಂಡು. ಬರ್ ಹೊಡೆದದ್ದು ಹ್ಯಾಮಿಲ್ಟನ್ ಹೊಟ್ಟೆಯ ಬಲಗಡೆ ಹೊಕ್ಕು, ಲಿವರ್ ಸೀಳಿ, ಬೆನ್ನುಮೂಳೆಯಲ್ಲಿ ಸಿಕ್ಕಿಕೊಂಡಿತು. ಮಾರನೇ ದಿನ ಪ್ರಾಣ ಹೋಯಿತು.

ಅವರು ನಿಂತಿದ್ದ ಜಾಗ ಈಗಿಲ್ಲ. ಅದು ಬಂಡೆಯ ಕೆಳಗಿತ್ತು, ರೈಲು ಹಳಿ ಹಾಕುವಾಗ ಒಡೆದುಹಾಕಿದರು. ಮೇಲೆ ರಸ್ತೆ ಬದಿಯಲ್ಲಿ ಹ್ಯಾಮಿಲ್ಟನ್‌ನ ಎದೆಮಟ್ಟದ ಪ್ರತಿಮೆ, ಹತ್ತಿರದಲ್ಲೇ ಒಂದು ದೊಡ್ಡ ಕಲ್ಲು. ಗುಂಡು ತಗುಲಿದ ಮೇಲೆ ಅವನ ತಲೆ ಒರಗಿದ್ದು ಇದರ ಮೇಲೇ ಅಂತ ಕಲ್ಲಲ್ಲೇ ಕೆತ್ತಿದ್ದಾರೆ. ನನಗೇನೋ ನಂಬಿಕೆ ಬರಲಿಲ್ಲ. ಹೊಸಾಕ್ ಬರೆದಿಟ್ಟಿರುವ ಪ್ರಕಾರ ತಾನು ಓಡಿ ಬಂದಾಗ ಹ್ಯಾಮಿಲ್ಟನ್ ನೆಲದ ಮೇಲೆ, ಗೆಳೆಯ ಪೆಂಡಲ್ಟನ್ ತೋಳಿಗೆ ಒರಗಿದ್ದ. ಕಲ್ಲಿನ ಸುದ್ದಿಯೇ ಇಲ್ಲ.

ವಾಪಸ್ ಫೆರಿಯಲ್ಲಿ ಬಂದು ವಾಲ್ ಸ್ಟ್ರೀಟ್ ತುದಿಯ ಟ್ರಿನಿಟಿ ಚರ್ಚಿಗೆ ಹೋದೆ. ಬಿಳಿ ಕಲ್ಲಿನ ಗೋರಿ, ಅದರ ಅಂಚಿನಲ್ಲಿ ಜನ ಇಟ್ಟುಹೋದ ಚಿಲ್ಲರೆ ಕಾಸು. ಮುಂದೆಯೇ ಹೆಂಡತಿ ಎಲೈಜಾಳ ಸಮಾಧಿ. ಮಗ ಫಿಲಿಪ್ 1801ರಲ್ಲಿ ಇಂಥದ್ದೇ ಜಗಳದಲ್ಲಿ ಸತ್ತಿದ್ದ, ಆಮೇಲೆ ಗಂಡ. ಅವಳು 1854ರವರೆಗೂ ಬದುಕಿದಳು.

ಬರ್ ಮೇಲೆ ಎರಡೂ ರಾಜ್ಯಗಳಲ್ಲಿ ಕೊಲೆ ಆರೋಪ ಬಂತು, ವಿಚಾರಣೆ ಮಾತ್ರ ನಡೆಯಲಿಲ್ಲ. ಅವನು ವಾಷಿಂಗ್ಟನ್‌ಗೆ ಮರಳಿ, 1805ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶ ಸ್ಯಾಮ್ಯುಯೆಲ್ ಚೇಸ್ ಮೇಲಿನ ಮಹಾಭಿಯೋಗಕ್ಕೆ ಸೆನೆಟ್‌ನಲ್ಲಿ ಅಧ್ಯಕ್ಷತೆ ವಹಿಸಿದ. ಅವನ ಗೋರಿ ಪ್ರಿನ್ಸ್‌ಟನ್‌ನಲ್ಲಿದೆ. ಆಸಕ್ತಿ ಇದ್ದವರು ನ್ಯೂಯಾರ್ಕ್‌ನಿಂದ ರೈಲಿನಲ್ಲೇ ಹೋಗಿಬರಬಹುದು.