ಗೋಲಿನ ಕಾಲಂ ಕೊನೆಗಿರಲಿ

ನನ್ನ ಕೆಲಸ ಏನು ಅನ್ನೋದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ನೆಟ್ಟಗೆ ಅರ್ಥವಾಗಿಲ್ಲ. ಬೆಂಗಳೂರಿನಲ್ಲಿ ಕೂತು ಎಲ್ಲೆಲ್ಲಿಯದೋ ಫುಟ್‌ಬಾಲ್ ಪಂದ್ಯಗಳ ವಿಡಿಯೊ ನೋಡುವುದು, ಒಂದೊಂದು ಪಾಸು, ಟ್ಯಾಕಲ್, ಶಾಟಿಗೂ ಟ್ಯಾಗ್ ಹಾಕುವುದು. ‘ಮ್ಯಾಚ್ ನೋಡೋಕೂ ಸಂಬಳ ಕೊಡ್ತಾರೇನಯ್ಯಾ?’ ಎಂದು ನಮ್ಮ ಮಾವ ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತಾರೆ. ಕೊಡುತ್ತಾರೆ. ಆದರೆ 90 ನಿಮಿಷದ ಆಟ ಮುಗಿಸಲು ನಮಗೆ ಅರ್ಧ ಶಿಫ್ಟಿಗಿಂತ ಹೆಚ್ಚು ಹೊತ್ತು ಬೇಕು. ಹಿಂದೆ ಮುಂದೆ ಓಡಿಸಿ ಓಡಿಸಿ, ಕೊನೆಗೆ ಗೆದ್ದವರು ಯಾರು ಅನ್ನೋದೇ ಮರೆತುಹೋಗಿರುತ್ತೆ.

ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು 2022ರಲ್ಲಿ, ಕತಾರ್ ವಿಶ್ವಕಪ್ಪಿನ ಮೊದಲು. ಅಮೆರಿಕದ ಒಂದು ಕ್ಲೈಂಟಿಗೆ ಅಲ್ಲಿನ ಆಟಗಾರರ ಫಾರ್ಮ್ ಶೀಟ್ ಬೇಕಿತ್ತು. ಇಂಗ್ಲೆಂಡ್, ಜರ್ಮನಿ, ಇಟಲಿ, ನೆದರ್ಲೆಂಡ್ಸ್, ಟರ್ಕಿ ಅಂತ ಚದುರಿಹೋಗಿರುವವರು ಒಂದು ಕಡೆ, ಅಮೆರಿಕದ್ದೇ ಎಮ್‌ಎಲ್‌ಎಸ್ ಲೀಗಿನಲ್ಲಿ ಆಡುವವರು ಇನ್ನೊಂದು ಕಡೆ. ಯಾರು ಚೆನ್ನಾಗಿ ಆಡ್ತಿದ್ದಾರೆ, 26 ಜನರ ಪಟ್ಟಿಗೆ ಯಾರು ಬರಬಹುದು ಎಂದು ವಾರವಾರ ಕಳಿಸಬೇಕು. ಆ ಸಲದ ವಿಶ್ವಕಪ್ ನವೆಂಬರಿನಲ್ಲಿ ಬಿದ್ದದ್ದರಿಂದ ಯುರೋಪಿನವರು ಸೀಸನ್ ನಡುವೆ ಓಡುತ್ತಿದ್ದರು, ಎಮ್‌ಎಲ್‌ಎಸ್‌ನವರ ಸೀಸನ್ ಮುಗಿದೇಹೋಗಿತ್ತು. ಒಬ್ಬನಿಗೆ ಮೂರು ದಿನಕ್ಕೊಂದು ಪಂದ್ಯ, ಇನ್ನೊಬ್ಬನಿಗೆ ಪಂದ್ಯವೇ ಇಲ್ಲ, ಬರೀ ಪ್ರಾಕ್ಟೀಸ್ ಕ್ಯಾಂಪ್. ಇಬ್ಬರನ್ನೂ ಒಂದೇ ಟೇಬಲ್ಲಿನಲ್ಲಿ ಮೇಲೆ ಕೆಳಗೆ ಕೂರಿಸಬೇಕಿತ್ತು.

ನಮ್ಮ ಲೀಡ್ ಬೆಂಗಳೂರಿನ ಆಸ್ಟಿನ್ ಟೌನಿನವರು. ಫುಟ್‌ಬಾಲ್ ಮೈದಾನದ ಪಕ್ಕದಲ್ಲೇ ಬೆಳೆದವರು, ಮಾತು ಕಡಿಮೆ. ಶೀಟ್ ನೋಡಿದವರೇ ಗೋಲಿನ ಕಾಲಮ್ಮನ್ನು ಎಳೆದು ಕಟ್ಟಕಡೆಗೆ ಹಾಕಿದರು. ಮೊದಲು ಕ್ಲಬ್ಬಿಗೆ ಎಷ್ಟು ನಿಮಿಷ ಆಡಿದ್ದಾನೆ. ಆಮೇಲೆ ಯಾವ ಜಾಗದಲ್ಲಿ ಆಡಿದ. ಆಮೇಲೆ ಪಕ್ಕದಲ್ಲಿ ಯಾರಿದ್ದರು, ಎದುರು ಯಾರಿದ್ದರು. ಪೆನಾಲ್ಟಿ ಬೇರೆಯೇ. ಇಷ್ಟೆಲ್ಲ ಆದಮೇಲೆ ಗೋಲು.

ನಿಮಿಷದ ಕಾಲಂ ಯಾಕೆ ಮೊದಲು ಅಂದರೆ, ನಮ್ಮ ಲೈನಿನಲ್ಲಿ ಎಲ್ಲವನ್ನೂ 90 ನಿಮಿಷಕ್ಕೆ ಇಳಿಸಿ ಹೇಳುವ ರೂಢಿ ಇದೆ. 200 ನಿಮಿಷ ಆಡಿ 3 ಗೋಲು ಹೊಡೆದವನ ಲೆಕ್ಕ 90 ನಿಮಿಷಕ್ಕೆ 1.35 ಅಂತ ಬರುತ್ತದೆ. ಮೆಸ್ಸಿಯೂ ನಾಚಬೇಕು. ಆ ಮೂರರಲ್ಲಿ ಎರಡು ಪೆನಾಲ್ಟಿ, ಮೂರನೆಯದು 4–0 ಆದಮೇಲೆ ಸುಸ್ತಾದ ಡಿಫೆಂಡರುಗಳ ಎದುರು ಬಂದದ್ದು ಅನ್ನುವುದು ಆ ಅಂಕಿಯಲ್ಲಿ ಎಲ್ಲೂ ಕಾಣುವುದಿಲ್ಲ. ಪೆನಾಲ್ಟಿಗಳಲ್ಲಿ ನಾಲ್ಕಕ್ಕೆ ಮೂರು ಹೇಗೂ ಒಳಗೆ ಹೋಗುತ್ತವೆ; ಅದನ್ನು ಯಾರು ಹೊಡೆಯಬೇಕು ಅನ್ನುವುದನ್ನು ಕ್ಲಬ್ಬು ತೀರ್ಮಾನ ಮಾಡಿರುತ್ತದೆ.

ಎಲ್ಲಕ್ಕಿಂತ ತಲೆನೋವಾದದ್ದು ಸ್ಟ್ರೈಕರುಗಳು. ಐದು ಹೆಸರು ಓಡಾಡುತ್ತಿದ್ದವು. ಎಫ್‌ಸಿ ಡಲ್ಲಾಸಿನ ಹೆಸೂಸ್ ಫೆರೇರಾ, 2022ರ ಎಮ್‌ಎಲ್‌ಎಸ್ ಸೀಸನ್ನಿನಲ್ಲಿ 18 ಗೋಲು. ನಾರ್ವಿಚ್‌ನ ಜೋಶ್ ಸಾರ್ಜೆಂಟ್: ಹಿಂದಿನ ವರ್ಷ ಪ್ರೀಮಿಯರ್ ಲೀಗಿನಲ್ಲಿ ವಿಂಗಿನಲ್ಲಿ ಓಡಿ ಓಡಿ ಸೋತವನು, ತಂಡ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಾದ ಚಾಂಪಿಯನ್‌ಶಿಪ್ಪಿಗೆ ಇಳಿದ ಮೇಲೆ ಗೋಲು ಹೊಡೆಯತೊಡಗಿದ್ದ. ರಿಕಾರ್ಡೊ ಪೆಪಿ: ಅರ್ಹತಾ ಪಂದ್ಯಗಳಲ್ಲಿ ಹೊಂಡುರಾಸ್ ವಿರುದ್ಧ ಒಂದು, ಜಮೈಕಾ ವಿರುದ್ಧ ಎರಡು ಹೊಡೆದು ಹೀರೊ ಆದವನು, ದೊಡ್ಡ ದುಡ್ಡಿಗೆ ಜರ್ಮನಿಯ ಆಗ್ಸ್‌ಬರ್ಗಿಗೆ ಹೋಗಿ ಅಲ್ಲಿ ಒಂದೂ ಗೋಲಿಲ್ಲದೆ ಕೂತ, ನೆದರ್ಲೆಂಡ್ಸಿನ ಗ್ರೋನಿಂಗನ್ನಿಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಹೋದಮೇಲೆ ಮತ್ತೆ ಹೊಡೆಯತೊಡಗಿದ. ಸ್ವಿಸ್ ಲೀಗಿನಲ್ಲಿ 22 ಗೋಲು ಹೊಡೆದು ಯೂನಿಯನ್ ಬರ್ಲಿನ್ನಿಗೆ ಬಂದ ಜೋರ್ಡನ್ ಪೆಫೋಕ್. ಕೊನೆಗೆ ಟರ್ಕಿಯ ಅಂತಾಲ್ಯಾಸ್ಪೋರ್‌ನಲ್ಲಿದ್ದ ಹಾಜಿ ರೈಟ್.

ಸೆಪ್ಟೆಂಬರಿನಲ್ಲಿ ತಂಡ ಎರಡು ಸ್ನೇಹಪಂದ್ಯ ಆಡಿತು. ಜಪಾನಿಗೆ 0–2 ಸೋಲು, ಸೌದಿ ಅರೇಬಿಯದ ಜೊತೆ 0–0. ಎರಡರಲ್ಲೂ ಒಂದೇ ಒಂದು ಗೋಲಿಲ್ಲ. ಆ ಎರಡು ಪಂದ್ಯಕ್ಕೆ ಪೆಫೋಕನನ್ನಾಗಲಿ ರೈಟನನ್ನಾಗಲಿ ಕರೆದೇ ಇರಲಿಲ್ಲ. ನಮ್ಮ ಟೀಮಿನಲ್ಲಿ ದಿನಾ ಜಗಳ. ಒಬ್ಬ ಪೆಪಿ ಪಕ್ಷ, ಇನ್ನೊಬ್ಬ ಪೆಫೋಕ್ ಪಕ್ಷ. ಕ್ರಿಕೆಟ್ಟಿನಲ್ಲಿ ಬೆಳೆದ ನಮಗೆ ಈ ಜಗಳ ಹೊಸದೇನಲ್ಲ. ಚೆನ್ನೈಯಲ್ಲಿ ಔಟಾಗದೆ 303 ಹೊಡೆದ ಕರುಣ್ ನಾಯರ್ ಮುಂದಿನ ಟೆಸ್ಟಿನಲ್ಲೇ ಹೊರಗೆ ಕೂತದ್ದನ್ನು ನೋಡಿದವರು ನಾವು. ರಹಾನೆ ಗಾಯದಿಂದ ವಾಪಸ್ ಬಂದಿದ್ದರು, ಜಾಗ ಅವರದಾಗಿತ್ತು, ಅಷ್ಟೇ.

ಕೋಚ್ ಗ್ರೆಗ್ ಬರ್ಹಾಲ್ಟರ್ ನವೆಂಬರ್ 9ರಂದು ಬ್ರೂಕ್ಲಿನ್‌ನಲ್ಲಿ ಪಟ್ಟಿ ಓದಿದರು. ಫೆರೇರಾ, ಸಾರ್ಜೆಂಟ್, ರೈಟ್. ಪೆಪಿ ಇಲ್ಲ, ಪೆಫೋಕ್ ಇಲ್ಲ. ನಮ್ಮ ಪೆಪಿ ಪಕ್ಷದವನು ಆ ರಾತ್ರಿ ಊಟಕ್ಕೇ ಬರಲಿಲ್ಲ.

ಆಮೇಲೆ ಲೀಡ್ ನಮಗೆ ಒಂದು ಕೆಲಸ ಕೊಟ್ಟರು. ಆ ತಂಡದ ಹಿಂದಿನ ಒಂದು ವರ್ಷದ ಪಂದ್ಯಗಳಲ್ಲಿ ಸ್ಟ್ರೈಕರ್ ಜಾಗದಲ್ಲಿ ಆಡಿದವನು ಚೆಂಡನ್ನು ಎಲ್ಲೆಲ್ಲಿ ಮುಟ್ಟಿದ್ದಾನೆ ಎಂದು ನಕ್ಷೆ ತೆಗೆಯಿರಿ ಅಂದರು. ತೆಗೆದೆವು. ಗೋಲಿನ ಮುಂದಿನ ಬಾಕ್ಸಿನೊಳಗೆ ಚುಕ್ಕಿಗಳು ಕಡಿಮೆ. ಮಧ್ಯದ ವೃತ್ತದ ಕಡೆಗೆ ಬೇಕಾದಷ್ಟು. ಈ ತಂಡದಲ್ಲಿ ಸ್ಟ್ರೈಕರನ ಮೊದಲ ಕೆಲಸ ಎದುರಾಳಿ ಡಿಫೆಂಡರುಗಳ ಮೇಲೆ ಬಿದ್ದು ಓಡುವುದು, ಆಮೇಲೆ ಕೆಳಗೆ ಇಳಿದು ಬಂದು ವಿಂಗಿನಲ್ಲಿ ಆಡುವ ಪುಲಿಸಿಕ್ ಮತ್ತು ವೇಯಾಗೆ ಆ ಡಿಫೆಂಡರುಗಳ ಬೆನ್ನ ಹಿಂದೆ ಜಾಗ ಬಿಡಿಸಿಕೊಡುವುದು. ಗೋಲು ಹೊಡೆಯುವುದು ಅವನ ಪಾಲಿಗೆ ಮೂರನೆಯದು. ಬಾಕ್ಸಿನಲ್ಲಿ ನಿಂತು ಬದಿಯಿಂದ ಬರುವ ಕ್ರಾಸಿಗೆ ಕಾಯುವ ಪೆಫೋಕನ ಕ್ಲಬ್ ಗೋಲುಗಳು ನಿಜವೇ, ಆದರೆ ಅವನ್ನು ಹೊಡೆಸಿದ ಆಟ ಇಲ್ಲಿರಲಿಲ್ಲ. ಪೆಪಿಯನ್ನು ಬಿಟ್ಟದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಕೋಚಿನ ಲೆಕ್ಕ ಯಾವ ಪ್ರಶ್ನೆಗೆ ಉತ್ತರ ಅನ್ನುವುದು ಆ ನಕ್ಷೆ ನೋಡಿದಾಗ ಗೊತ್ತಾಯಿತು. ನಾವು ಕ್ಲಬ್ಬಿನಲ್ಲಿ ಏನಾಯಿತು ಅಂತ ಬರೀತಿದ್ದೆವು. ಅವರಿಗೆ ಬೇಕಿದ್ದದ್ದು ನಾಲ್ಕು ವಾರ, ಈ ಹತ್ತು ಜನರ ಜೊತೆ, ಈ ಕೆಲಸ ಯಾರು ಮಾಡುತ್ತಾರೆ ಅನ್ನುವುದು.

ಕತಾರಿನಲ್ಲಿ ಆದದ್ದೇನು? ವೇಲ್ಸ್ ಎದುರು ಸಾರ್ಜೆಂಟ್, ಇಂಗ್ಲೆಂಡ್ ಎದುರು ರೈಟ್, ಇರಾನ್ ಎದುರು ಮತ್ತೆ ಸಾರ್ಜೆಂಟ್, ನೆದರ್ಲೆಂಡ್ಸ್ ಎದುರು ಫೆರೇರಾ. ಮೂವರಿಗೂ ಅವಕಾಶ ಸಿಕ್ಕಿತು, ಯಾರೂ ಊರಲಿಲ್ಲ. ಫೆರೇರಾನನ್ನು ವಿರಾಮಕ್ಕೇ ಹೊರಗೆ ಕರೆದರು. ಗುಂಪಿನ ಮೂರು ಪಂದ್ಯಗಳಲ್ಲಿ ಬಂದ ಎರಡೇ ಗೋಲು ವೇಯಾ ಮತ್ತು ಪುಲಿಸಿಕ್ ಹೊಡೆದದ್ದು. ಅಂದರೆ ಜಾಗ ಬಿಡಿಸಿಕೊಡುವ ಲೆಕ್ಕ ಅರ್ಧ ಸರಿಯಾಗಿತ್ತು. ಬಿಡಿಸಿದವನೇ ಒಂದೆರಡು ಹೊಡೆಯಬೇಕಿತ್ತು ಅನ್ನುವ ಇನ್ನರ್ಧ ಹಾಗೇ ಉಳಿಯಿತು.

ಮೂವರಲ್ಲಿ ಒಬ್ಬ ಒಂದು ಗೋಲು ಹೊಡೆದ, ಅದರ ಕತೆ ಹೇಳಲೇಬೇಕು. ನೆದರ್ಲೆಂಡ್ಸ್ ವಿರುದ್ಧ 76ನೇ ನಿಮಿಷ, ಸ್ಕೋರು 0–2. ಪುಲಿಸಿಕ್ ಬಲಗಡೆಯಿಂದ ಚೆಂಡನ್ನು ಒಳಗೆ ತಳ್ಳಿದ. ಗೋಲಿಗೆ ಬೆನ್ನು ಮಾಡಿ ಓಡುತ್ತಿದ್ದ ರೈಟನ ಹಿಂದಿನ ಕಾಲಿಗೆ ಅದು ತಾಗಿ, ಗಾಳಿಪಟದ ಹಾಗೆ ಮೇಲೆದ್ದು, ಎತ್ತರದ ಕೀಪರ್ ನೋಪರ್ಟ್ ತಲೆಯ ಮೇಲಿಂದ ಹಾದು ಮೂಲೆಯಲ್ಲಿ ಇಳಿಯಿತು. ಟ್ಯಾಗ್ ಮಾಡುತ್ತಿದ್ದ ನಮ್ಮ ಹುಡುಗ ವಿಡಿಯೊ ನಿಲ್ಲಿಸಿ ಕೂತುಬಿಟ್ಟ. ಶಾಟ್ ಅಂತ ಹಾಕಬೇಕೋ, ತಪ್ಪಿದ ಟಚ್ ಅಂತಲೋ? ನಮ್ಮ ಸಾಫ್ಟ್‌ವೇರಿನಲ್ಲಿ ಗೋಲು ಅಂತ ಬರೆಯಬೇಕಾದರೆ ಅದಕ್ಕೊಂದು ಶಾಟ್ ಇರಲೇಬೇಕು. ಕಾಲು ಎಡವೋ ಬಲವೋ, ಯಾವ ಭಾಗ, ಎಲ್ಲಿಂದ ಎಂದು ಒಂದೊಂದೇ ಬಾಕ್ಸು ಕೇಳುತ್ತದೆ; ‘ಬೇಕಂತ ಹೊಡೆದನೇ?’ ಎಂದು ಮಾತ್ರ ಕೇಳುವುದಿಲ್ಲ. ಫ್ರೇಮ್ ಫ್ರೇಮ್ ಆಗಿ ನಾವು ನಾಲ್ಕೈದು ಜನ ನೋಡಿದೆವು. ಅವನಿಗೆ ತಿಳಿದೇ ಮಾಡಿದನೆಂದು ಇಬ್ಬರು, ದೇವರು ಕೊಟ್ಟದ್ದೆಂದು ಉಳಿದವರು. ಶಾಟ್, ಗೋಲು ಎಂದು ಎಂಟ್ರಿ ಹೋಯಿತು. ಮಾರನೇ ವಾರದ ಶೀಟಿನಲ್ಲಿ ರೈಟ್ ಹೆಸರ ಮುಂದೆ ‘ವಿಶ್ವಕಪ್ ಗೋಲು: 1’. ಐದು ನಿಮಿಷಕ್ಕೇ ಡಮ್ಫ್ರೀಸ್ ಮೂರನೆಯದು ಹೊಡೆದು ಅಮೆರಿಕವನ್ನು ಮನೆಗೆ ಕಳಿಸಿದ್ದು ಆ ಕಾಲಮ್ಮಿನಲ್ಲಿ ಬರುವುದಿಲ್ಲ.

ಇದಕ್ಕೆ ತೀರಾ ಉಲ್ಟಾ ಡಿಫೆಂಡರ್ ಟಿಮ್ ರೀಮ್. ವಯಸ್ಸು 35, ರಾಷ್ಟ್ರೀಯ ತಂಡಕ್ಕೆ ಆಡಿ ಒಂದು ವರ್ಷದ ಮೇಲಾಗಿತ್ತು, ಸೆಪ್ಟೆಂಬರಿಗೂ ಕರೆದಿರಲಿಲ್ಲ. ನಮ್ಮ ಶೀಟಿನಲ್ಲಿ ಮಾತ್ರ ಅವನ ಸಾಲು ಮೊದಲಿನಿಂದಲೂ ಗಟ್ಟಿ. ಫುಲಮ್ ಆ ವರ್ಷವೇ ಪ್ರೀಮಿಯರ್ ಲೀಗಿಗೆ ಏರಿತ್ತು, ಅವನು ವಾರ ತಪ್ಪದೆ ಪೂರ್ತಿ ಆಡುತ್ತಿದ್ದ. ಎಡಗಾಲಿನವನು, ಎಡ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರುಗಳಲ್ಲಿ ಎಡಗಡೆಯವನು. ಅಂಥವರು ಆ ತಂಡದಲ್ಲಿ ಅಪರೂಪ. ಇನ್ನಿಬ್ಬರು ಸೆಂಟರ್ ಬ್ಯಾಕುಗಳಲ್ಲಿ ಮೈಲ್ಸ್ ರಾಬಿನ್ಸನ್ ಮೇ ತಿಂಗಳಲ್ಲೇ ಹಿಮ್ಮಡಿಯ ನರ ಹರಿದುಕೊಂಡಿದ್ದ, ಕ್ರಿಸ್ ರಿಚರ್ಡ್ಸ್‌ಗೂ ಗಾಯ. ಅದಕ್ಕೂ ಮಿಗಿಲಾಗಿ, ಪಕ್ಕದಲ್ಲಿ ಯಾರು ಅನ್ನುವ ಕಾಲಂ: ಎಡ ಬ್ಯಾಕ್ ಆಂಟನಿ ರಾಬಿನ್ಸನ್ ಫುಲಮ್‌ನಲ್ಲೂ ಅವನ ಪಕ್ಕದಲ್ಲೇ ಆಡುವವನು. ಕ್ಲಬ್ಬಿನಲ್ಲಿ ಆದದ್ದು ಹಾಗೇ ಎತ್ತಿ ತಂದು ಇಡಬಹುದಾದ ಜೋಡಿ ಅದು. ರೀಮ್ ನಾಲ್ಕೂ ಪಂದ್ಯಗಳಲ್ಲಿ ಒಂದು ನಿಮಿಷವೂ ಹೊರಗೆ ಬರಲಿಲ್ಲ.

ಹಾಗಾದರೆ ನಿಮಿಷವೇ ದೇವರು ಅಂದುಕೊಂಡರೆ, ಗೋಲ್‌ಕೀಪರುಗಳು ಆ ನಂಬಿಕೆಯನ್ನು ಅದೇ ತಿಂಗಳು ಮುರಿದರು. ಜ್ಯಾಕ್ ಸ್ಟೆಫನ್ ಮಿಡಲ್ಸ್‌ಬರೋದಲ್ಲಿ ಲೀಗ್ ಪಂದ್ಯಗಳನ್ನು ಆಡುತ್ತಿದ್ದ; ಪಟ್ಟಿಯಲ್ಲೇ ಇಲ್ಲ. ಮ್ಯಾಟ್ ಟರ್ನರ್ ಆರ್ಸೆನಲ್‌ನ ಎರಡನೇ ಕೀಪರ್, ಯುರೋಪಿನ ಎರಡನೇ ದರ್ಜೆಯ ಕ್ಲಬ್ ಟೂರ್ನಿಯಾದ ಯುರೋಪಾ ಲೀಗಿನಲ್ಲಿ ಮಾತ್ರ ಗ್ಲವ್ಸ್ ಹಾಕಿದವನು. ನಾಲ್ಕೂ ಪಂದ್ಯ ಅವನೇ. ಇಂಗ್ಲೆಂಡಿಗೂ ಇರಾನಿಗೂ ಒಂದೂ ಗೋಲು ಬಿಡಲಿಲ್ಲ. ಕೀಪರ್ ಕಾಲಿನಲ್ಲಿ ಆಡುವುದಕ್ಕಿಂತ ಚೆಂಡು ತಡೆಯುವುದರಲ್ಲಿ ಅವನು ಮೇಲು ಅನ್ನುವುದು ಹಳೆಯ ಡೇಟಾದಲ್ಲಿ ಸ್ಪಷ್ಟವಾಗಿತ್ತು. ಆ ವಾರದ ಶೀಟಿನಲ್ಲಿ ಮಾತ್ರ ಅವನ ಸಾಲು ಹೆಚ್ಚುಕಮ್ಮಿ ಖಾಲಿ.

ಕ್ಲೈಂಟ್ ಕೇಳಿದ್ದಕ್ಕೆ ಹಳೆಯ ವಿಶ್ವಕಪ್ಪುಗಳನ್ನೂ ಕೆದಕಿದೆವು. 2010ರಲ್ಲಿ ಆಗಿನ ಅಮೆರಿಕದ ಕೋಚ್ ಬಾಬ್ ಬ್ರ್ಯಾಡ್ಲಿ ಬಿಸಿಬಿಸಿ ಫಾರ್ಮನ್ನು ನಂಬಿ ಮೆಕ್ಸಿಕೊದ ಪ್ಯೂಬ್ಲಾದಲ್ಲಿ ಗೋಲಿನ ಮಳೆ ಸುರಿಸಿದ್ದ ಹೆರ್ಕ್ಯುಲಿಸ್ ಗೋಮೆಜನನ್ನೂ ಎಲ್‌ಎ ಗ್ಯಾಲಕ್ಸಿಯ ಎಡ್ಸನ್ ಬಡಲ್‌ನನ್ನೂ ಕರೆದೊಯ್ದರು. ಪಟ್ಟಿಯಲ್ಲಿ ಫಾರ್ವರ್ಡ್ ಎಂದು ಬರೆಸಿಕೊಂಡ ನಾಲ್ವರಲ್ಲಿ ಒಬ್ಬರೂ ಆ ವಿಶ್ವಕಪ್ಪಿನಲ್ಲಿ ಗೋಲು ಹೊಡೆಯಲಿಲ್ಲ. ಡೊನವನ್, ಡೆಂಪ್ಸಿ, ಕೋಚಿನ ಮಗ ಮೈಕಲ್ ಬ್ರ್ಯಾಡ್ಲಿ ಹೊಡೆದರು. 2014ರಲ್ಲಿ ಅದೇ ಡೊನವನ್‌ನನ್ನು ಆಗಿನ ಕೋಚ್ ಯುರ್ಗನ್ ಕ್ಲಿನ್ಸ್‌ಮನ್ ಮೇ 22ರಂದು ಕೈಬಿಟ್ಟರು. ಮೂರೇ ದಿನಕ್ಕೆ ಅವನು ಎಮ್‌ಎಲ್‌ಎಸ್‌ನ ಸಾರ್ವಕಾಲಿಕ ಗೋಲು ದಾಖಲೆ ಮುರಿದ. ಪಟ್ಟಿಯಲ್ಲಿದ್ದ 18 ವರ್ಷದ ಜೂಲಿಯನ್ ಗ್ರೀನ್ ಬಗ್ಗೆ ಎಲ್ಲರೂ ನಕ್ಕರು. ಬೆಲ್ಜಿಯಂ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಒಳಗೆ ಬಂದವನೇ ಗೋಲು ಹೊಡೆದ. ನನ್ನ ಪ್ರಕಾರ ಆದರೂ ಡೊನವನ್ ಇರಬೇಕಿತ್ತು. ಒಂದು ಗೋಲು ಒಂದು ತೀರ್ಮಾನವನ್ನು ಸರಿ ಮಾಡುವುದಿಲ್ಲ.

ಶೀಟಿಗೆ ಸಿಗದ ಇನ್ನೊಂದು ವಿಷಯ ಜಿಯೊ ರೇನಾನದು. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿಗೆ ಆಡುತ್ತಿದ್ದ ಹುಡುಗ, ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಕತಾರಿನಲ್ಲಿ ಅವನನ್ನು ಯಾಕೆ ಆಡಿಸುತ್ತಿಲ್ಲ ಎಂದು ಕ್ಲೈಂಟ್ ದಿನಾ ಮೇಲ್ ಹಾಕುತ್ತಿದ್ದರು, ನಮ್ಮ ಹತ್ತಿರ ಉತ್ತರವಿರಲಿಲ್ಲ. ತನ್ನ ಪಾತ್ರ ಚಿಕ್ಕದು ಎಂದು ತಿಳಿದಾಗ ಬೇಸರ ತರಬೇತಿಯ ಮೇಲೂ ಬಿತ್ತು ಎಂದು ಅವನೇ ಆಮೇಲೆ ಬರೆದುಕೊಂಡ. ಪ್ರಾಕ್ಟೀಸ್ ಮೈದಾನದಲ್ಲಿ ನಮ್ಮ ಕ್ಯಾಮೆರಾ ಇಲ್ಲ.

ಈಗ 2026ರ ಕೆಲಸ ನಡೆದಿದೆ. ಈ ಸಲ ಅಮೆರಿಕದ್ದು ಸ್ವಂತ ಅಂಗಳ, ಕೆನಡಾ ಮೆಕ್ಸಿಕೊ ಜೊತೆಗೆ. ಮೊದಲ ಪಂದ್ಯ ಜೂನ್ 12ರಂದು ಲಾಸ್ ಏಂಜಲಿಸ್ ಪಕ್ಕದ ಇಂಗಲ್‌ವುಡ್‌ನಲ್ಲಿ ಪರಾಗ್ವೆ ವಿರುದ್ಧ. ಕೋಚ್ ಮೌರಿಸಿಯೊ ಪೊಚೆಟಿನೊ. ಟರ್ನರ್ ಕ್ಲಬ್ಬಿನಲ್ಲಿ ಆಟ ಸಿಗದೆ ಸವೆದ, ಉತ್ತರ ಮತ್ತು ಮಧ್ಯ ಅಮೆರಿಕದ ದೇಶಗಳ ಟೂರ್ನಿಯಾದ ಗೋಲ್ಡ್ ಕಪ್ಪಿನಲ್ಲಿ, 2025ರಲ್ಲಿ, ನ್ಯೂಯಾರ್ಕ್ ಸಿಟಿಯ ಮ್ಯಾಟ್ ಫ್ರೀಸ್ ಅವನ ಜಾಗಕ್ಕೆ ಬಂದು ಕೋಸ್ಟರಿಕಾ ವಿರುದ್ಧದ ಶೂಟೌಟಿನಲ್ಲಿ ಮೂರು ಪೆನಾಲ್ಟಿ ತಡೆದ. ಈ ಸಲ ನಿಮಿಷದ ಕಾಲಂ ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ, ಹೊಸ ಕ್ಲಬ್ಬಿನಲ್ಲೂ ಬೆಂಚಿನ ಮೇಲೇ ಹೆಚ್ಚು ಕೂತಿದ್ದ ರೇನಾ ಪರಾಗ್ವೆ ವಿರುದ್ಧ ನಾಲ್ಕನೇ ನಿಮಿಷಕ್ಕೇ ಹೆಡ್ ಮಾಡಿ ಗೋಲು ಹೊಡೆದ. ಅದೇ ಕಾಲಂ ಸೋತಿತು.

ಸ್ಟ್ರೈಕರುಗಳ ಜಗಳ ಮತ್ತೆ ಶುರುವಾಗಿದೆ: ಮೊನಾಕೊದ ಬಲೋಗನ್, ಪಿಎಸ್‌ವಿಯ ಪೆಪಿ, ಕೊವೆಂಟ್ರಿಯ ರೈಟ್. ಬಲೋಗನ್ ಡಿಫೆಂಡರುಗಳ ಬೆನ್ನ ಹಿಂದಿನ ಜಾಗಕ್ಕೆ ಓಡುವವನು, ರೈಟ್ ಎಡ ವಿಂಗಿನಲ್ಲೂ ಆಡುವವನು, ಪೆಪಿ ಕೊನೆಯ ಅರ್ಧ ಗಂಟೆಗೆ ಬಂದು ಹೊಡೆದುಹೋಗುವುದರಲ್ಲಿ ನಿಸ್ಸೀಮ. ಹೊಸದಾಗಿ ಸೇರಿದ ಹುಡುಗರು ಮೂವರನ್ನೂ 90 ನಿಮಿಷಕ್ಕೆ ಇಳಿಸಿ ಒಂದು, ಎರಡು, ಮೂರು ಎಂದು ನಂಬರ್ ಹಾಕಿ ತಂದಿದ್ದರು, ಪೆಪಿ ಮೊದಲು. ನಾನು ಆ ನಂಬರುಗಳನ್ನು ತೆಗೆಸಿ, ‘ಮೊದಲಿನಿಂದ ಆಡಿದಾಗ’ ಮತ್ತು ‘ನಡುವೆ ಬಂದಾಗ’ ಎಂದು ಸಾಲು ಬೇರೆ ಮಾಡಿಸಿದೆ. ಜೊತೆಗೆ ಪುಲಿಸಿಕ್ ಮೈದಾನದಲ್ಲಿದ್ದಾಗ ಒಂದು, ಇಲ್ಲದಾಗ ಇನ್ನೊಂದು. ತುಂಬಿಸಲು ಹೊತ್ತು ಹಿಡಿಯುತ್ತದೆ, ಗೊಣಗುತ್ತಿದ್ದಾರೆ. ಬಲೋಗನ್‌ನ ಹಿಂದಿನ ತಿಂಗಳ ಪಂದ್ಯಗಳು ಇನ್ನೂ ಬಾಕಿ ಇವೆ, ಶುಕ್ರವಾರಕ್ಕೆ ಕೊಡಬೇಕು.