ಒಂದು ಗಂಟೆಯ ಫೋನು

ಭಾನುವಾರ ಊಟಕ್ಕೆ ಕೂತಾಗ ಮಾವನವರ ಮುಂದೆ ಸುಮ್ನೆ ಎಫ್‌ಬಿಐ ಪ್ರೊಫೈಲಿಂಗ್ ವಿಷಯ ತೆಗೆದೆ: ಅಪರಾಧ ನಡೆದ ರೀತಿ ನೋಡಿ ಅಪರಾಧಿ ಎಂಥವನು ಎಂದು ಅಮೆರಿಕದ ತನಿಖಾ ಸಂಸ್ಥೆಯವರು ಊಹಿಸುವ ವಿಧಾನ. ಅವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. "ಕೂತಲ್ಲೇ ಕೊಲೆಗಾರನ ಜಾತಕ ಬರೀತಾರಾ? ಅದಕ್ಕೆ ನಮ್ಮೂರ ಜೋಯಿಸರೇ ಸಾಕಲ್ಲ!" ಎಂದು ನಕ್ಕರು. ಹುಳಿ ಬಡಿಸುತ್ತಿದ್ದ ಅತ್ತೆಯೂ ನಕ್ಕರು. ನನಗೆ ರೇಗಿತು.

ಅಮೆರಿಕದ ಮೊಂಟಾನಾ ರಾಜ್ಯದ ಕತೆ ಶುರು ಮಾಡಿದೆ. 1973ರ ಜೂನ್. ಕ್ಯಾಂಪಿಂಗ್‌ಗೆ ಬಂದಿದ್ದ ಕುಟುಂಬದ ಟೆಂಟನ್ನು ರಾತ್ರಿ ಯಾರೋ ಚಾಕುವಿನಿಂದ ಸೀಳಿ, 7 ವರ್ಷದ ಹುಡುಗಿಯನ್ನು ಎತ್ತಿಕೊಂಡು ಹೋದರು. ದೂರದ ಕ್ವಾಂಟಿಕೋದ ಎಫ್‌ಬಿಐ ಅಕಾಡೆಮಿಯಲ್ಲಿ ಹೋವರ್ಡ್ ಟೆಟೆನ್, ಪ್ಯಾಟ್ರಿಕ್ ಮುಲ್ಲಾನಿ ಎಂಬ ಪ್ರೊಫೈಲರ್‌ಗಳು ಲೆಕ್ಕ ಹಾಕಿದರು: ಬಿಳಿಯ ಯುವಕ, ಒಂಟಿ, ಅಲ್ಲೇ ಆಸುಪಾಸಿನವನು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದ ಡೇವಿಡ್ ಮೈರ್‌ಹೋಫರ್‌ಗೆ ಅದು ಹೊಂದುತ್ತಿತ್ತು. ಆದರೆ ಅವನು ಸುಳ್ಳು ಪತ್ತೆ ಪರೀಕ್ಷೆ ಪಾಸಾದ. ಮಂಪರು ಪರೀಕ್ಷೆಯನ್ನೂ ದಾಟಿದ. ಮಾತಿನಲ್ಲಿ ಬಹಳ ಮರ್ಯಾದಸ್ಥ. ಇವನಲ್ಲ ಎಂದರು ಅಲ್ಲಿನ ಪೊಲೀಸರು.

"ನಾನಾಗಿದ್ರೂ ಬಿಟ್ಟು ಕಳಿಸ್ತಿದ್ದೆ" ಎಂದರು ಮಾವ. ಇಷ್ಟು ಪ್ರಾಮಾಣಿಕತೆ ಅವರಲ್ಲಿದೆ, ಬಿಡಿ.

ಮುಲ್ಲಾನಿ ಮಾತ್ರ ಬಿಡಲಿಲ್ಲ. ಅಪಹರಣಕ್ಕೆ ವರ್ಷ ತುಂಬಿದ ದಿನ ಅವನು ಹುಡುಗಿಯ ತಾಯಿಗೆ ಫೋನ್ ಮಾಡಬಹುದು, ಪಕ್ಕದಲ್ಲೇ ಟೇಪ್ ರೆಕಾರ್ಡರ್ ಇಟ್ಟುಕೊಳ್ಳಿ ಎಂದರು. ಸರಿಯಾಗಿ ಅದೇ ರಾತ್ರಿ ಫೋನ್ ಬಂತು. ಚುಚ್ಚಲೆಂದೇ ಮಾಡಿದ್ದ. ತಾಯಿ ಮರಿಯೆಟ್ಟಾ ಯೇಗರ್ ಬೈಯಲಿಲ್ಲ. ನಿನಗೆ ನಾನೇನು ಸಹಾಯ ಮಾಡಲಿ ಅಂತ ಕೇಳಿದರು. ಒಂದು ಗಂಟೆಗೂ ಜಾಸ್ತಿ ಮಾತು. ಕೊನೆಗೆ ಅವನೇ ಅತ್ತ.

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಬೈಯಲೇ ಇಲ್ವಾ?"

ಅಲ್ಲಿಂದ ಮುಂದಿನದು ಅವರಿಗೆ ಬೇಕಿರಲಿಲ್ಲ. ಮೈರ್‌ಹೋಫರನೇ ಸಿಕ್ಕಿಬಿದ್ದದ್ದು, ನಾಲ್ಕು ಕೊಲೆ ಒಪ್ಪಿಕೊಂಡು ಜೈಲಿನಲ್ಲೇ ನೇಣು ಹಾಕಿಕೊಂಡದ್ದು, ಆ ತಾಯಿ ಮುಂದೆ ಮರಣದಂಡನೆಯ ವಿರುದ್ಧವೇ ಹೋರಾಡಿದ್ದು, ಎಲ್ಲಕ್ಕೂ ಸುಮ್ಮನೆ ಹೂಂಗುಟ್ಟಿದರು. ಮಂಗಳವಾರ ಫೋನ್ ಮಾಡಿ ಮತ್ತೆ ಅದೇ: "ಒಂದು ಗಂಟೆ, ಬೈಯದೇ?" ಸ್ವಲ್ಪ ತಡೆದು, "ನಾವು ಸ್ಟೇಷನ್ನಲ್ಲಿ ಯಾರ ಮಾತನ್ನೂ ಅಷ್ಟು ಹೊತ್ತು ಕೇಳಿಲ್ಲ ಕಣಯ್ಯ" ಎಂದರು.

ವಾದ ಗೆದ್ದೆ ಅಂದುಕೊಂಡಿದ್ದೆ. ಈಗ ಅದೂ ಅನುಮಾನ. ಅವನು ಫೋನ್ ಮಾಡ್ತಾನೆ ಅಂತ ಲೆಕ್ಕ ಹಾಕಿದ್ದು ಪ್ರೊಫೈಲರ್‌ಗಳು ನಿಜ. ಆ ಒಂದು ಗಂಟೆ ರಿಸೀವರ್ ಹಿಡಿದು ಕೂತದ್ದು ಅವರಲ್ಲ, ಅಲ್ವಾ? ನಾನಾಗಿದ್ದರೆ ಮೊದಲ ಮಾತಿಗೇ ಕಿರುಚಿ ಫೋನ್ ಕುಕ್ಕಿರುತ್ತಿದ್ದೆ.

ನಿನ್ನೆ ರಾತ್ರಿ ಮಾವ ಮತ್ತೆ ಫೋನ್ ಮಾಡಿದರು. "ಆ ಮಗು ಹೆಸರೇನಂದೆ?"

ನಾನು ಹೇಳಿರಲೇ ಇಲ್ಲ. ಉಳಿದವರ ಹೆಸರೆಲ್ಲ ಗಿಳಿಪಾಠದ ಹಾಗೆ ಒಪ್ಪಿಸಿದ್ದೆ.

"ಸೂಸಿ" ಎಂದೆ.